ಎಡಗೆನ್ನೆಯ ಚುಕ್ಕೆ

ಹುಣಸೂರು,
27-1-1955

ಚಿ. ಸೌ. ಸರ್ವಮಂಗಳೆಗೆ ನಿನ್ನ ತಂದೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಂಬಬೇಡ.

ಭಾನುವಾರ ಮೈಸೂರಿನ ನಾಯಿ ಪ್ರದರ್ಶನದಲ್ಲಿ ಏನಾಯಿತೆಂದು ನೀನು ಕೇಳುವ ಮೊದಲೇ ನಾನೇ ತಿಳಿಸುತ್ತೇನೆ. ಬೇರೆಯವರಾದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾರೆ. ಸಂಕ್ರಾಂತಿಗೆ ಬಂದವಳು ಒಂದು ವಾರ ಹೆಚ್ಚಿಗೆ ಉಳಿದುಕೊಂಡು, ಅವತ್ತು ಬೆಳಗ್ಗೆ ನಮ್ಮ ನಕ್ಷತ್ರಳನ್ನು ನೀನೇ ಬಸ್ಸು ಹತ್ತಿಸಿದೆಯಲ್ಲ, ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಹನ್ನೊಂದು ನಾಯಿಗಳಲ್ಲಿ ಕೊನೆಗೆ ಉಳಿದದ್ದು ಮೂರು. ತೀರ್ಪುಗಾರ ಮದರಾಸಿನಿಂದ ಬಂದಿದ್ದ ಒಬ್ಬ ಮುದುಕ ಕರ್ನಲ್ಲು. ನಕ್ಷತ್ರಳನ್ನು ಎರಡು ಸಲ ಓಡಿಸಿದ, ಹಲ್ಲು ನೋಡಿದ, ಬೆನ್ನಿನ ಮೇಲೆ ಕೈಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ ಮೊದಲನೆಯ ಜಾಗದಲ್ಲಿ ನಿಲ್ಲಿ ಅಂತ ಕೈ ತೋರಿಸಿದ. ಮಗಳೇ, ಹುಣಸೂರಿನ ಒಬ್ಬ ದಿನಸಿ ಅಂಗಡಿಯವನ ನಾಯಿ, ತೋಟದ ದೊರೆಗಳ ನಾಯಿಗಳ ಮುಂದೆ! ಏಳು ವರ್ಷದ ಹಿಂದೆ ಸಿದ್ದಾಪುರದ ಕಡೆಯ ಬಿಳಿ ದೊರೆ ಸೀಮೆಗೆ ಹೊರಟಾಗ ಒಂದು ಜೊತೆ ಚುಕ್ಕೆ ಮೈಯ ಡಾಲ್ಮೇಶಿಯನ್ ನಾಯಿಗಳನ್ನು ವಂಶದ ಪೆಡಿಗ್ರಿ ಕಾಗದದ ಸಮೇತ ನನ್ನ ಕೈಗಿಟ್ಟಿದ್ದು, ಲಿಂಗಾಯತರ ಮನೆಯಲ್ಲಿ ಇದೇನು ನಾಯಿ ಸಂಸಾರ ಅಂತ ಪೇಟೆಯೆಲ್ಲ ನಕ್ಕಿದ್ದು, ನಿನ್ನ ಅವ್ವ ಅಂಬಲಿ ಮಜ್ಜಿಗೆ ಹುರುಳಿ ಹಾಕಿಯೇ ಅವುಗಳ ವಂಶ ಬೆಳೆಸಿದ್ದು, ನೀನು ಸ್ಕೂಲಿನ ನೋಟ್‌ಬುಕ್ಕಿನಲ್ಲಿ ಅವುಗಳ ವಂಶಾವಳಿ ಬರೆದದ್ದು, ನಾನು ಇಂಗ್ಲಿಷ್ ಪುಸ್ತಕವನ್ನು ನಿಘಂಟು ಹಿಡಿದು ಓದಿದ್ದು, ಜವರಯ್ಯ ದಿನಾ ಕಟ್ಟೆಮಳಲವಾಡಿಯಿಂದ ನಡೆದು ಬಂದು ಹೊಳೆ ದಂಡೆಯಲ್ಲಿ ಓಡಿಸಿದ್ದು, ಎಲ್ಲ ಒಂದು ಗಳಿಗೆ ಕಣ್ಣ ಮುಂದೆ ಬಂತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಹೊಟ್ಟೆ ಉರಿಗೆ ಬರೆಯುತ್ತಿದ್ದೇನೆ.

ಕರ್ನಲ್ಲು ಕೊನೆಯದಾಗಿ ನಕ್ಷತ್ರಳ ಮುಖ ಹಿಡಿದು ನೋಡಿದ. ಎಡಗೆನ್ನೆಯ ಮೇಲೆ ಅವನ ಹೆಬ್ಬೆರಳು ನಿಂತಿತು. ಬೆರಳು ನೋಡಿಕೊಂಡ. ಕಪ್ಪು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ನೀರು ಮುಟ್ಟಿಸಿ ಉಜ್ಜಿದ. ಚುಕ್ಕೆ ಕೆನ್ನೆಯಿಂದ ಎದ್ದು ಕರವಸ್ತ್ರಕ್ಕೆ ಬಂತು. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದ. ಆ ಮಾತಿಗೆ ನಿಘಂಟು ಬೇಕಾಗಲಿಲ್ಲ. ನಮ್ಮನ್ನು ಕಣದ ಸುತ್ತ ಕಟ್ಟಿದ್ದ ಹಗ್ಗದಿಂದ ಆಚೆ ಕಳಿಸಿದರು. ಕರವಸ್ತ್ರವನ್ನು ನನ್ನ ಕೈಗೇ ತುರುಕಿದ. ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ಏಕೆ ಅಂತ ಕೇಳಬೇಡ.

ಮಸಿ ಹಚ್ಚಿದವನು ಜವರಯ್ಯ. ಇನ್ಯಾರು? ಅವಳ ಬಲಗೆನ್ನೆಯಲ್ಲಿ ಮೂರು ಚುಕ್ಕೆ, ಎಡಗೆನ್ನೆ ಖಾಲಿ. "ಎಡಕ್ಕೊಂದು ಕಮ್ಮಿ ಆಯ್ತು ಕಣ್ರೀ ಸಾವ್ಕಾರ್ರೇ, ನಂಗ್ ಬುಟ್ರೆ ಒಂದ್ ಇಟ್ಬುಡ್ತೀನಿ" ಅಂತ ಅವನು ಎಷ್ಟು ಸಲ ಹೇಳಿಲ್ಲ! ವಯಸ್ಸಿನಲ್ಲಿ ಚುಂಚನಕಟ್ಟೆಯ ದನದ ಜಾತ್ರೆಯಲ್ಲಿ ದಲ್ಲಾಳಿಗಳ ಜೊತೆ ತಿರುಗಿದವನು. ಎತ್ತಿನ ಮಚ್ಚೆಗೆ ಮಸಿ ತಿಕ್ಕಿ ಮಾರುವ ಕತೆಗಳನ್ನು ಅವನೇ ನಿನಗೆ ಹೇಳಿ ನಗಿಸುತ್ತಿದ್ದ. ಹಿಂದಿನ ದಿನ ಮೈ ತೊಳೆದವನೂ ಅವನೇ.

ಹಗ್ಗದ ಆಚೆ ನಮ್ಮೂರಿನವರೇ ಏಳೆಂಟು ಜನ ನಿಂತಿದ್ದರು. ಅವರೆಲ್ಲರ ಮುಂದೆಯೇ ಜವರಯ್ಯನನ್ನು ಕೇಳಿದೆ: "ನಿನ್ನ ಜಾತ್ರೆ ಬುದ್ಧಿ ಇಲ್ಲೂ ತೋರಿಸಿಬಿಟ್ಟೆಯಲ್ಲೋ!" ಅವನು ನನ್ನನ್ನು ನೋಡಿದ, ನಾಯಿಯನ್ನು ನೋಡಿದ. "ಅಂಗಾದ್ರೆ ಅಂಗೇ ಆಗ್ಲಿ ಬುಡಿ ಸಾವ್ಕಾರ್ರೇ" ಅಂತ ಹೇಳಿ ನಾಯಿಯ ಕೊರಳ ಹಗ್ಗವನ್ನು ನನ್ನ ಕಾಲ ಹತ್ತಿರ ಇಟ್ಟು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ. ಒಪ್ಪಿಕೊಂಡ ಹಾಗಾಯಿತಲ್ಲ?

ಅಳಿಯಂದಿರಿಗೆ ಇದನ್ನು ನೀನೇ ನಿಧಾನವಾಗಿ ಹೇಳು. ಬಹುಮಾನದ ಬಟ್ಟಲು ತೋರಿಸುತ್ತೇನೆ ಅಂತ ಅವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ನಿನ್ನ ತಂದೆ,
ನೀಲಕಂಠಸ್ವಾಮಿ


ಅಂತರಸಂತೆ,
4-2-1955

ತೀರ್ಥರೂಪು ಅಪ್ಪಾಜಿಯವರಿಗೆ ಮಂಗಳ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ಬಂತು. ಬರಲಿಲ್ಲವಾದರೆ ನಾನೇ ಹುಡುಕಿಕೊಂಡೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಇವರ ಶಾಲೆಗೆ ಹೊಸ ಬೆಂಚುಗಳು ಬಂದಿವೆ. ಕಾಡಿನ ಅಂಚಿನ ಮನೆಯವರು ನಾಯಿಯ ಕತ್ತಿಗೆ ಮೊಳೆ ಹೊಡೆದ ಚರ್ಮದ ಪಟ್ಟಿ ಕಟ್ಟುತ್ತಾರೆ. ಚಿರತೆ ಬಂದು ಕತ್ತಿಗೇ ಬಾಯಿ ಹಾಕುತ್ತದಂತೆ. ಅತ್ತೆಯವರು ನಾಯಿಯನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ. ನಮ್ಮ ಮನೆಯ ನಾಯಿಗಳ ಮಾತು ತೆಗೆದರೆ ಮಾತ್ರ ಕೆಲಸ ಬಿಟ್ಟು ಕೇಳುತ್ತಾರೆ.

ಅಪ್ಪಾಜಿ, ಒಂದು ಮಾತು. ಜವರಣ್ಣ ತಾನೇ ಹಚ್ಚಿದ್ದು ಅಂತ ಬಾಯಿಬಿಟ್ಟು ಹೇಳಿದನೇ? ನೀವು ಬರೆದ ಮಾತಿನಲ್ಲಿ ಅದು ನನಗೆ ಕಾಣಲಿಲ್ಲ. ಸ್ವಲ್ಪ ದಿನ ಯಾರಿಗೂ ಏನೂ ಹೇಳಬೇಡಿ. ನಕ್ಷತ್ರ ಹೇಗಿದ್ದಾಳೆ? ಅವ್ವನನ್ನು ಕೇಳಿದೆನೆಂದು ಹೇಳಿ.

ಇನ್ನೂ ಬರೆಯಬೇಕಾದ್ದಿದೆ. ಇವತ್ತು ಕೈ ಏಳುತ್ತಿಲ್ಲ.

ನಿಮ್ಮ ಮಗಳು,
ಸರ್ವಮಂಗಳ


ಹುಣಸೂರು,
24-2-1955

ಚಿ. ಸೌ. ಸರ್ವಮಂಗಳೆಗೆ ಆಶೀರ್ವಾದಗಳು.

ಶಿವರಾತ್ರಿ ಕಳೆಯಿತು. ಹಬ್ಬದ ಉಪವಾಸ ನಮ್ಮದು ಒಂದು ದಿನ, ನಕ್ಷತ್ರಳದು ಒಂದು ತಿಂಗಳು. ಅವ್ವ ಕೈತುತ್ತು ಕೊಟ್ಟರೆ ಎರಡು ತುತ್ತು ತಿಂದು, ಅಂಗಡಿಯ ಮೆಟ್ಟಿಲ ಮೇಲೆ ಕಟ್ಟೆಮಳಲವಾಡಿ ದಾರಿಗೆ ಮುಖ ಹಾಕಿ ಕೂರುತ್ತಾಳೆ. ಹೊಳೆಗೆ ಕರೆದುಕೊಂಡು ಹೋದರೆ ನನ್ನ ನಡಿಗೆ ಅವಳಿಗೆ ಸಾಲದು, ಅವಳ ಓಟ ನನ್ನ ಮೊಣಕಾಲಿಗೆ ಆಗದು.

ಜವರಯ್ಯ ಬಂದಿಲ್ಲ. ಪೇಟೆಯಲ್ಲಿ ಅವನಿಗೆ 'ಮಸಿ ಜವರಯ್ಯ' ಅಂತ ಹೆಸರಿಟ್ಟಿದ್ದಾರಂತೆ. ಅದಕ್ಕೇ ಹುಣಸೂರು ಸಂತೆಗೆ ಕಾಲಿಡದೆ, ಅಷ್ಟು ದೂರದ ರಾವಂದೂರಿಗೆ ಗಾಡಿ ಹೊಡೆದುಕೊಂಡು ಹೋಗಿ ರಾಗಿ ಹಾಕಿ ಬರುತ್ತಾನಂತೆ. ಹೆಸರಿಟ್ಟವನು ನಾನಲ್ಲ. ಆದರೆ ಕೇಳಿ ನನಗೇನೂ ಸಂತೋಷವಾಗಲಿಲ್ಲ. ಅವನ ಅಪ್ಪ ನಮ್ಮ ಅಪ್ಪನ ಅಂಗಡಿಗೆ ರಾಗಿ ತರುತ್ತಿದ್ದಾಗ ಮೂಟೆಗಳ ಮೇಲೆ ನಾವಿಬ್ಬರೂ ಚೌಕಾಬಾರ ಆಡಿ ಬೆಳೆದವರು. ಇಂಥವನು ನನ್ನ ಮುಖಕ್ಕೆ ಮಸಿ ಬಳಿದನಲ್ಲ ಅನ್ನುವುದೇ ಸಂಕಟ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಕ್ಷತ್ರ ಬೆದೆಗೆ ಬಂದಿದ್ದಾಳೆ. ಸಿದ್ದಾಪುರದ ತೋಟದವರೊಬ್ಬರ ಹತ್ತಿರ ಇದೇ ಜಾತಿಯ ಗಂಡು ಇದೆ. ಅವರು ಇವಳನ್ನು ಅಲ್ಲೇ ಇಟ್ಟುಕೊಳ್ಳುತ್ತೇವೆ ಅಂತಾರೆ. ನಾಳಿದ್ದು ಲಾರಿಯಲ್ಲಿ ಕಳಿಸುತ್ತೇನೆ. ಯುಗಾದಿ ಕಳೆದ ಮೇಲೆ ಪೆಡಿಗ್ರಿ ಕಾಗದವನ್ನೂ ಅವರ ಹೆಸರಿಗೆ ಮಾಡಿಕೊಡುತ್ತೇನೆ. ಅಲ್ಲಿಗೆ ನಮ್ಮ ಮನೆಯ ನಾಯಿ ಸಂಸಾರ ಮುಗಿಯಿತು. ವಂಶಾವಳಿ ಪುಸ್ತಕವನ್ನು ಬೇರೆ ಅಂಚೆಯಲ್ಲಿ ನಿನಗೇ ಕಳಿಸಿದ್ದೇನೆ. ಇಲ್ಲಿದ್ದರೆ ಕಣ್ಣಿಗೆ ಬೀಳುತ್ತಿರುತ್ತದೆ.

ನಿನ್ನ ತಂದೆ,
ನೀಲಕಂಠಸ್ವಾಮಿ


ಅಂತರಸಂತೆ,
3-3-1955

ಅಪ್ಪಾಜಿ,

ನಮಸ್ಕಾರ. ಸುತ್ತಿ ಬಳಸಿ ಬರೆದರೆ ಮತ್ತೆ ನಿಂತುಬಿಡುತ್ತೇನೆ. ಆ ಚುಕ್ಕೆ ಇಟ್ಟವಳು ನಾನು.

ಹಿಂದಿನ ದಿನ ಸಾಯಂಕಾಲ ಜವರಣ್ಣ ಮೈ ತೊಳೆದು ಬಿಸಿಲಿಗೆ ಬಿಟ್ಟಾಗ ಬೀದಿಯವರೆಲ್ಲ ನೋಡಲು ಬಂದಿದ್ದರಲ್ಲ. ಪಕ್ಕದ ಮನೆ ರಾಮಮ್ಮ ಬಾಗಿಲಲ್ಲೇ ನಿಂತು, "ಏನ್ ಲಕ್ಷಣ ಕಣವ್ವಾ ಇದು, ಕಣ್ಣೇ ಕೀಳಕ್ಕಾಯ್ತಿಲ್ಲ" ಅಂತ ಮೂರು ಸಲ ಹೇಳಿದರು. ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಗ್ಗೆ ನೀವು ಬಸ್ಸಿನ ಹತ್ತಿರ ಹೋದಾಗ ಅವ್ವನ ಕಾಡಿಗೆ ಬಟ್ಟಲಿನಿಂದ ಬೆರಳ ತುದಿಗೆ ತೆಗೆದುಕೊಂಡು ದೃಷ್ಟಿ ಬೊಟ್ಟು ಇಟ್ಟೆ. ಮಕ್ಕಳಿಗೆ ಇಡುವುದು ಕೆನ್ನೆಗೆ. ಎಡಗೆನ್ನೆ ಖಾಲಿ ಇತ್ತು, ಅಲ್ಲಿಟ್ಟೆ. ಮೈ ತುಂಬ ಬೊಟ್ಟಿರುವ ನಾಯಿಗೆ ಇನ್ನೊಂದು ಬೊಟ್ಟು! ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸು, ದೃಷ್ಟಿ ಗಿಷ್ಟಿ ಅಂತೆಲ್ಲ ನಂಬುವವಳಲ್ಲ ಅಂತ ನೀವು ಅತ್ತೆ ಮಾವನವರ ಮುಂದೆ ಹೇಳಿದ್ದಿರಿ. ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅವತ್ತು ಅವಳಿಗೆ ಏನೂ ಆಗದಿರಲಿ ಅನ್ನಿಸಿತು, ಕೈ ತಾನಾಗಿ ಹೋಯಿತು. ನಿಮ್ಮ ಮೊದಲ ಕಾಗದದಲ್ಲಿ ಎಡಗೆನ್ನೆ ಅಂತ ಓದಿದ ಕೂಡಲೆ ತಿಳಿಯಿತು. ಆಗಲೇ ಬರೆಯಬೇಕಿತ್ತು. ನಿಮ್ಮ ಸಿಟ್ಟಿಗೆ ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ನೀವು ನನ್ನ ವಿಚಾರದಲ್ಲಿ ಇನ್ನು ಮೇಲೆ ಜಂಬ ಪಡುವುದಿಲ್ಲವಲ್ಲ ಅಂತ ಹೆದರಿದೆ. ನನ್ನ ಹೆದರಿಕೆಗೆ ಜವರಣ್ಣ ಒಂದು ತಿಂಗಳಿಂದ ರಾವಂದೂರಿಗೆ ಗಾಡಿ ಹೊಡೆಯುತ್ತಿದ್ದಾನೆ.

ಪುಸ್ತಕ ಬಂತು. ನಕ್ಷತ್ರ ಹುಟ್ಟಿದ ವರ್ಷದ ಹಾಳೆಯಲ್ಲಿ ನನ್ನ ಅಕ್ಷರದಲ್ಲೇ ಇದೆ: 'ಬಲಗೆನ್ನೆ ಮೂರು. ಎಡಗೆನ್ನೆ ಇಲ್ಲ. ಜವರಣ್ಣನಿಗೆ ಬೇಜಾರು.' ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಇವರಿಗೆ ಎಲ್ಲ ಹೇಳಿದ್ದೇನೆ. "ನನಗೆ ಹೇಳಿ ಏನು ಪ್ರಯೋಜನ, ಅಂಚೆ ಚೀಲ ಕಟ್ಟುವುದರೊಳಗೆ ಬರೆ" ಅಂದರು. ನನ್ನನ್ನು ಬೈಯಿರಿ. ನಕ್ಷತ್ರಳನ್ನು ಕೊಡಬೇಡಿ. ಜವರಣ್ಣನ ಹತ್ತಿರ ಹೋಗಿ.

ಮಂಗಳ


ಹುಣಸೂರು,
2-4-1955

ಚಿ. ಸೌ. ಸರ್ವಮಂಗಳೆಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ವಾರವಾಯಿತು. ಬೈದು ಎರಡು ಕಾಗದ ಬರೆದು ಹರಿದುಹಾಕಿದೆ. ಮೂರನೆಯದರಲ್ಲಿ ಬೈಗುಳ ನನ್ನ ಕಡೆಗೇ ತಿರುಗುತ್ತಿತ್ತು, ಅದನ್ನೂ ಹರಿದೆ. ನೀನು ಮಾಡಿದ್ದು ಒಂದು ಬೊಟ್ಟು. ಮಿಕ್ಕಿದ್ದೆಲ್ಲ ಮಾಡಿದವನು ನಾನು.

ಸಿದ್ದಾಪುರಕ್ಕೆ ನಾನೇ ಹೋಗಿ ನಕ್ಷತ್ರಳನ್ನು ಕರೆತಂದೆ. ತೋಟದವರು ಮುಖ ಗಂಟಿಕ್ಕಿದರು, ಒಂದು ಮರಿ ಕೊಡುತ್ತೇನೆ ಅಂದ ಮೇಲೆ ಕಾಫಿ ಕೊಟ್ಟರು. ಅವಳು ಗಬ್ಬವಾಗಿದ್ದಾಳೆ. ಮೇ ತಿಂಗಳ ಮೊದಲ ವಾರಕ್ಕೆ ಲೆಕ್ಕ ಬರುತ್ತದೆ.

ಯುಗಾದಿಯ ಮಾರನೆ ದಿನ ಕಟ್ಟೆಮಳಲವಾಡಿಗೆ ಹೋಗಿದ್ದೆ. ಜವರಯ್ಯನ ಹೆಂಡತಿ ಕುಳ್ಳಮ್ಮ ಬಾಗಿಲಿಗೆ ಬಂದು, "ಅವ್ರು ಇಲ್ಲ ಕಣ್ರೀ, ಗದ್ದೆ ತಾವ್ಕೆ ಓಗವ್ರೆ" ಅಂದಳು. ಅವನ ಎಕ್ಕಡ ಬಾಗಿಲ ಪಕ್ಕದಲ್ಲೇ ಇತ್ತು. ಒಳಗಿನಿಂದ ಅವನ ಕೆಮ್ಮೂ ಕೇಳಿತು. ನಾನು ಅರ್ಧ ಗಂಟೆ ಜಗಲಿಯ ಮೇಲೆ ಕೂತಿದ್ದು ನೀರು ಕುಡಿದು ಬಂದೆ. ಮತ್ತೆ ಕೆಮ್ಮು ಕೇಳಲಿಲ್ಲ, ಅವನು ಅಷ್ಟು ಹೊತ್ತೂ ತಡೆದುಕೊಂಡಿದ್ದನೆಂದು ಕಾಣುತ್ತದೆ.

ಕರ್ನಲ್ಲಿಗೂ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದು ಹಾಕಿದ್ದೇನೆ. 'ದೃಷ್ಟಿ ಬೊಟ್ಟು' ಅನ್ನುವುದಕ್ಕೆ ನಿಘಂಟಿನಲ್ಲಿ ಮಾತು ಸಿಗಲಿಲ್ಲ. ಅರ್ಧ ಪುಟ ವಿವರಣೆ ಕೊಟ್ಟೆ.

ಕೆಳಗೆ ನಿನ್ನ ಅವ್ವ ಏನೋ ಬರೆಯಬೇಕಂತೆ.

ನಿನ್ನ ತಂದೆ,
ನೀಲಕಂಠಸ್ವಾಮಿ

ಮಂಗಳಾ, ಆ ಕರವಸ್ತ್ರ ನಾನೇ ಒಗೆದೆ. ಮೂಸಿದ ಕೂಡಲೆ ಗೊತ್ತಾಯಿತು, ಅದು ನಮ್ಮ ಮನೆಯ ಹರಳೆಣ್ಣೆ ಕಾಡಿಗೆ. ನಿಮ್ಮ ಅಪ್ಪಾಜಿಗೆ ಹೇಳಲು ಧೈರ್ಯ ಬರಲಿಲ್ಲ. ನೀನು ನನಗಿಂತ ಗಟ್ಟಿ. ಎರಡು ಸಲ ಕುದಿಸಿದರೂ ಮೂಲೆಯಲ್ಲಿ ಸ್ವಲ್ಪ ಉಳಿದಿದೆ. — ಸುಂದ್ರಮ್ಮ


ಅಂತರಸಂತೆ,
10-4-1955

ಜವರಣ್ಣನಿಗೆ ಮಂಗಳಳ ನಮಸ್ಕಾರ.

ಈ ಕಾಗದವನ್ನು ನಿಮ್ಮೂರಿನ ಸೋಮಯ್ಯ ಮೇಷ್ಟರ ಕೈಲಿ ಓದಿಸಿಕೋ. ಅವರು ಓದುವಾಗ ನಾಲ್ಕು ಜನ ಇದ್ದರೂ ಸರಿ, ಇದ್ದರೆ ಇನ್ನೂ ಒಳ್ಳೆಯದು. ಮೈಸೂರಿಗೆ ಹೊರಡುವ ಬೆಳಗ್ಗೆ ನಕ್ಷತ್ರಳ ಕೆನ್ನೆಗೆ ಕಾಡಿಗೆ ಇಟ್ಟವಳು ನಾನು. ನಿನ್ನ ಮೇಲೆ ಬಂದ ಮಾತು ನನ್ನ ಮೇಲೆ ಬರಬೇಕಿತ್ತು. ಗೊತ್ತಿದ್ದೂ ಒಂದು ತಿಂಗಳು ಬಾಯಿ ಬಿಡಲಿಲ್ಲ. ಅದು ಕಾಡಿಗೆ ಇಟ್ಟದ್ದಕ್ಕಿಂತ ದೊಡ್ಡ ತಪ್ಪು.

ನಾನು ಚಿಕ್ಕವಳಿದ್ದಾಗ ಬಾವಿಗೆ ತಂಬಿಗೆ ಬೀಳಿಸಿ, ಅದನ್ನು ನೀನು ಬೀಳಿಸಿದೆ ಅಂತ ಅವ್ವನ ಹತ್ತಿರ ಹೇಳಿದ್ದೆ. ನೀನು ಹೂಂ ಅಂದಿದ್ದೆ. ಈಗಲೂ ಹಾಗೇ ಆಯಿತು. ಆದರೆ ಇದು ತಂಬಿಗೆಯಲ್ಲ.

ಅಪ್ಪಾಜಿ ಬಂದಾಗ ನೀನು ಮನೆಯಲ್ಲೇ ಇದ್ದೆಯಂತೆ. ಕೋಪ ಮಾಡಿಕೊಳ್ಳಲು ನಿನಗೆ ಹಕ್ಕಿದೆ. ನಕ್ಷತ್ರಳಿಗೆ ಅದು ಗೊತ್ತಾಗುವುದಿಲ್ಲ. ಅವಳು ಇನ್ನೂ ದಾರಿ ನೋಡುತ್ತಿದ್ದಾಳಂತೆ.

ಇಂತಿ,
ಮಂಗಳ


ಕಟ್ಟೆಮಳಲವಾಡಿ,
24-4-1955

(ಜವರಯ್ಯನವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ನನ್ನ ವ್ಯಾಕರಣ ಸೇರಿಸಬಾರದು ಅಂತ ತಾಕೀತು ಮಾಡಿದ್ದಾರೆ. — ಸೋಮಯ್ಯ, ಉಪಾಧ್ಯಾಯ)

ಮಂಗಳವ್ವಂಗೆ ಜವರಯ್ಯ ಮಾಡೋ ಸರಣು.

ನಿನ್ ಕಾಗ್ದ ಮೇಷ್ಟ್ರು ಓದುದ್ರು. ನಾಕ್ ಜನ ಅಲ್ಲ, ಹದ್ನೈದ್ ಜನ ಇದ್ರು. ಎಲ್ಡ್ ಸಲ ಓದುಸ್ಕಂಡ್ರು.

ನೀನ್ ಅಳ್ಬ್ಯಾಡ ಕಣವ್ವ. ಅವತ್ತು ಬಸ್ ತಾವ ನೀನ್ ಕೈ ಆಡುಸ್ದಾಗ್ಲೇ ನಿನ್ ಬೆಳ್ಳಲ್ಲಿ ಕಾಡ್ಗೆ ಇದ್ದುದ್ನ ನಾನ್ ನೋಡಿದ್ದೆ. ದಿಷ್ಟಿ ಬೊಟ್ಟು ಇಕ್ಕವ್ಳೆ ಅಂದ್ಕಂಡು ನನ್ಗೂ ಕುಸೀನೇ ಆಯ್ತು. ನಮ್ ಎತ್ಗೂ ಇಕ್ತೀವಿ, ಕೂಸ್ಗೂ ಇಕ್ತೀವಿ, ನಾಯ್ಗೆ ಇಕ್ಕುದ್ರೆ ತಪ್ಪೇನು? ಆ ಮುದ್ಕ ಉಜ್ತಾನೆ ಅಂತ ಯಾರ್ಗ್ ಗೊತ್ತು. ಅಲ್ಲಿ ನಿನ್ ಎಸ್ರು ಯೋಳುದ್ರೆ, ಹೊಸ್ದಾಗಿ ಗಂಡನ್ ಮನ್ಗೆ ಓದ್ ಮಗ, ಅಪ್ಪನ್ ಕೈಲಿ ಬಯ್ಸ್ಕಂಡು ಕಣ್ಣೀರ್ ಆಕ್ತದೆ ಅಂತ ಸುಮ್ಕಾದೆ. ಅದ್ಕೆ ನಂಗೇನ್ ಬ್ಯಾಸ್ರ ಇಲ್ಲ.

ನನ್ ಬ್ಯಾಸ್ರ ಬ್ಯಾರೆ. ನಲ್ವತ್ ವರ್ಸ ಕಂಡೋರು. ಪಕ್ಕುಕ್ ಕರುದು, "ಜವರಯ್ಯ, ಇದ್ನ ನೀನ್ ಮಾಡುದ್ಯಾ" ಅಂತ ಒಂದ್ ಮಾತ್ ಕೇಳ್ಬೋದಾಗಿತ್ತಲ್ವಾ? ಕೇಳ್ನಿಲ್ಲ. ಅಷ್ಟ್ ಜನದ ಮುಂದೆ ಅಂದ್ಬುಟ್ರು. ಜನದ ಮುಂದೆ ಅಂದ್ ಮಾತ್ಗೆ ಜಗ್ಲಿ ಮ್ಯಾಲೆ ನೀರ್ ಕುಡುದ್ರೆ ಆಯ್ತದಾ?

ನಾನ್ ಅವರ್ಗೆ ಬನ್ನಿ ಅಂತ ಯೋಳ್ತಿಲ್ಲ. ಓಗಿ ಅಂತಾನೂ ಯೋಳ್ತಿಲ್ಲ. ನಾಯ್ಗೆ ದಿನ ತುಂಬುದ್ ಮ್ಯಾಲೆ ರಾಗಿ ಅಂಬ್ಲಿ ನೀರ್ ನೀರಾಗ್ ಕೊಡಕ್ ಯೋಳು. ಮಲ್ಗಕ್ಕೆ ಗೋಣಿ ಬ್ಯಾಡ, ಹಳೇ ಸೀರೆ ಆಕ್ಲಿ. ಓದ್ಸಲ ಗೋಣಿ ದಾರ ಮರೀ ಕಾಲ್ಗೆ ಸುತ್ಕಂಡಿತ್ತು.

ಜವರಯ್ಯ
(ಹೆಬ್ಬೆಟ್ಟಿನ ಗುರುತು)


ಹುಣಸೂರು,
12-5-1955

ಚಿ. ಸೌ. ಸರ್ವಮಂಗಳೆಗೆ ಆಶೀರ್ವಾದಗಳು.

ಜವರಯ್ಯನ ಕಾಗದವನ್ನು ನೀನು ನನಗೆ ಕಳಿಸಿದ್ದು ಒಳ್ಳೆಯದಾಯಿತು. ಅಂತೂ ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ ಗೊತ್ತಿಲ್ಲದೆ ಉಳಿದವನು ಮನೆಯ ಯಜಮಾನನೊಬ್ಬನೇ. ಅವನ ಮಾತು ಮೂರು ದಿನ ತಲೆಯಲ್ಲಿ ಕೊರೆಯಿತು. ಒಂದು ಮಾತು ಕೇಳಬಹುದಾಗಿತ್ತು. ಹೌದು, ಕೇಳಬಹುದಾಗಿತ್ತು.

ಶನಿವಾರ ಬೆಳಗ್ಗೆ ನಕ್ಷತ್ರ ಮೂಲೆ ಮೂಲೆ ಕೆರೆಯುತ್ತಿದ್ದಳು. ದಿನ ಬಂತು ಅಂತ ಅವ್ವ ಹಳೆಯ ಸೀರೆ ಹಾಸಿದಳು. ನನಗೆ ಏನನ್ನಿಸಿತೋ, ಗಾಡಿ ಕಟ್ಟಿಸಿದೆ. ಹುಲ್ಲು ಹಾಸಿ, ಅದರ ಮೇಲೆ ಆ ಸೀರೆ ಹಾಸಿ ನಕ್ಷತ್ರಳನ್ನು ಮಲಗಿಸಿದೆವು. ನಿನ್ನ ಅವ್ವ ಅವಳ ತಲೆ ಹಿಡಿದು ಕೂತಳು, ನಾನು ಪಕ್ಕದಲ್ಲಿ ನಡೆದೆ. ಪೇಟೆ ಬೀದಿಯಲ್ಲೇ ಹೋಗಬೇಕೆಂದು ಗಾಡಿಯವನಿಗೆ ಹೇಳಿದ್ದೆ. ಸಂತೆಯ ದಿನ ಬೇರೆ. "ಎಲ್ಲಿಗೆ ಸಾವ್ಕಾರ್ರೇ?" ಅಂತ ಕೇಳಿದವರಿಗೆಲ್ಲ ನಿಂತು ಉತ್ತರ ಕೊಟ್ಟೆ: "ಜವರಯ್ಯನ ಮನೆಗೆ. ಮಸಿ ಹಚ್ಚಿದ್ದು ಅವನಲ್ಲ, ನನ್ನ ಮಗಳು ಇಟ್ಟ ದೃಷ್ಟಿ ಬೊಟ್ಟು. ಬಾಯಿಗೆ ಬಂದ ಹಾಗೆ ಅಂದವನು ನಾನು." ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮೊದಲ ಸಲ ಮಾತು ಅರ್ಧಕ್ಕೇ ತುಂಡಾಯಿತು, ಮತ್ತೆ ಮೊದಲಿನಿಂದ ಹೇಳಿದೆ. ಊರು ದಾಟುವ ಹೊತ್ತಿಗೆ ಸಲೀಸಾಗಿ ಬರುತ್ತಿತ್ತು.

ಜವರಯ್ಯನ ಜಗಲಿಯ ಮೇಲೆ ಜನ ಇದ್ದರು. ಅವನೂ ಇದ್ದ, ಈ ಸಲ ಒಳಗೆ ಹೋಗಲು ಹೊತ್ತು ಸಿಗಲಿಲ್ಲ. ಅಂಗಳದಲ್ಲಿ ನಿಂತುಕೊಂಡೇ ಹೇಳಿದೆ. "ಜವರಯ್ಯ, ಜನದ ಮುಂದೆ ಅಂದದ್ದನ್ನು ಜನದ ಮುಂದೆಯೇ ವಾಪಸು ತಗೋತೀನಿ. ನಿನ್ನನ್ನು ಒಂದು ಮಾತು ಕೇಳದೆ ಕಳ್ಳನನ್ನಾಗಿ ಮಾಡಿದೆ. ತಪ್ಪಾಯಿತು." ಕೈ ಮುಗಿದೆ. ಮಗಳೇ, ನಿನಗೆ ಮಾತ್ರ ಹೇಳುತ್ತೇನೆ, ಕಣ್ಣು ಮಂಜಾಯಿತು. ಅಲ್ಲಿದ್ದ ಮಂಟಯ್ಯ ಅನ್ನುವ ಮುದುಕ, "ನಾಯ್ಗೆ ಬೊಟ್ಟಾ?" ಅಂತ ನಗಲು ಶುರು ಮಾಡಿದ. ಒಳಗಿನಿಂದ ಕುಳ್ಳಮ್ಮ, "ಅಷ್ಟ್ ಚೆಂದಾಗಿರೋ ನಾಯ್ಗೆ ಬೊಟ್ಟಿಕ್ದೆ ನಿನ್ ಮಕುಕ್ ಇಕ್ತಾರಾ?" ಅಂತ ಗದರಿದಳು. ಜಗಲಿಯೆಲ್ಲ ನಕ್ಕಿತು. ಜವರಯ್ಯ ನಗಲಿಲ್ಲ. ಎದ್ದು ಗಾಡಿಯ ಹತ್ತಿರ ಬಂದ. ನಕ್ಷತ್ರ ಅವನನ್ನು ನೋಡಿ ಏಳಲು ಹೋಗಿ ಆಗದೆ ಬಾಲ ಬಡಿದಳು. ಅವನು ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು, ನನ್ನ ಕಡೆ ನೋಡದೆಯೇ, "ನಾಯಿ ಒಳಿಕ್ ಬರ್ಲಿ. ಸಾವ್ಕಾರ್ರು ವಸಿ ಆಚೆ ಕೂತ್ಕಳಿ" ಅಂದ.

ಕೂತೆ. ಮಧ್ಯಾಹ್ನದವರೆಗೆ ಕೂತೆ. ಅವ್ವನನ್ನು ಮಾತ್ರ ಒಳಗೆ ಬಿಟ್ಟರು. ಮೂರು ಗಂಟೆಗೆ ಅವನು ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಏಳು" ಅಂದ. ನನ್ನನ್ನು ಏಳು ಅಂತಿದ್ದಾನೆಂದು ಎದ್ದು ನಿಂತೆ. "ನೀವಲ್ಲ, ಮರಿ" ಅಂದ. ಆಗ ನಕ್ಕ. ಮೂರು ತಿಂಗಳ ಮೇಲೆ ಅವನ ಹಲ್ಲು ನೋಡಿದೆ.

ಏಳೂ ಹಾಲಿನ ಹಾಗೆ ಬೆಳ್ಳಗಿವೆ. ಒಂದು ಚುಕ್ಕೆ ಇಲ್ಲ. ಕುಳ್ಳಮ್ಮನಿಗೆ ಗಾಬರಿಯಾಗಿ, "ಬಣ್ಣ ಎಲ್ಲಾ ಒಳ್ಗೇ ತೊಳ್ದೋಯ್ತಾ?" ಅಂತ ಕೇಳಿದಳು. ಈ ಜಾತಿಯ ಮರಿಗಳು ಹುಟ್ಟುವುದೇ ಹೀಗೆ, ಹದಿನೈದು ದಿನದ ಮೇಲೆ ಚುಕ್ಕೆ ಒಂದೊಂದಾಗಿ ಬರುತ್ತವೆ ಅಂತ ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಜವರಯ್ಯ, "ಇರು ಕಣಮ್ಮಿ, ಬತ್ತವೆ" ಅಂದುಬಿಟ್ಟ. 

ತಾಯಿ ಮರಿ ಎಲ್ಲ ಅಲ್ಲೇ ಇವೆ. ವಂಶಾವಳಿ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ಬರೆ: ಮರಿ ಹಾಕಿಸಿ ಬೆಳೆಸಿದವರು, ಜವರಯ್ಯ, ಕಟ್ಟೆಮಳಲವಾಡಿ. ಮರಿಗಳನ್ನು ನೋಂದಾಯಿಸಲು ಮೈಸೂರಿಗೆ ಕಳಿಸುವ ಅರ್ಜಿಯಲ್ಲೂ ಇಂಗ್ಲಿಷಿನಲ್ಲಿ ಹಾಗೇ ಬರೆದಿದ್ದೇನೆ. ಕರ್ನಲ್ಲಿನ ಉತ್ತರವೂ ಬಂತು. ಎರಡೇ ಸಾಲು. ಅವರ ಅಜ್ಜಿಯೂ ಕುದುರೆಗಳಿಗೆ ಏನೋ ಕಟ್ಟುತ್ತಿದ್ದಳಂತೆ. ಮುಂದಿನ ಜನವರಿಗೆ ಮುಖ ತೊಳೆಸಿ ಕರೆದುಕೊಂಡು ಬನ್ನಿ ಅಂತ ಬರೆದಿದ್ದಾರೆ.

ನಿನ್ನ ತಂದೆ,
ನೀಲಕಂಠಸ್ವಾಮಿ


ಅಂತರಸಂತೆ,
20-5-1955

ತೀರ್ಥರೂಪು ಅಪ್ಪಾಜಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಪೇಟೆ ಬೀದಿಯ ಭಾಗ ಬಂದಾಗ ಕಾಗದವನ್ನು ಇವರ ಕೈಗೆ ಕೊಟ್ಟೆ. ಉಳಿದದ್ದನ್ನು ಇವರು ಓದಿದರು. ಅತ್ತೆಯವರು ಎಲ್ಲ ಕೇಳಿ, "ಮೊಳೆ ಪಟ್ಟಿ ಕಟ್ಟುದ್ರೆ ಒಂದ್ ಮರಿ ಇಲ್ಲೂ ಇರ್ಬೋದು ಬುಡು. ಹೊಸ್ಲು ಒಳ್ಗೆ ಮಾತ್ರ ಬ್ಯಾಡ" ಅಂದರು. ಅವರು ಮಾತು ಬದಲಿಸುವ ಮೊದಲೇ ಬರೆದು ಹಾಕುತ್ತಿದ್ದೇನೆ.

ಜವರಣ್ಣನ ಹೆಸರನ್ನು ಕಪ್ಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅಪ್ಪಾಜಿ, ನೀವು ನನ್ನ ವಿಚಾರದಲ್ಲಿ ಇನ್ನು ಜಂಬ ಪಡುತ್ತೀರೋ ಇಲ್ಲವೋ ಗೊತ್ತಿಲ್ಲ. ನಾನಂತೂ ನಿಮ್ಮ ವಿಚಾರದಲ್ಲಿ ಇಲ್ಲಿ ಎಲ್ಲರ ಮುಂದೆ ಜಂಬ ಪಟ್ಟೆ.

ನಿಮ್ಮ ಮಗಳು,
ಸರ್ವಮಂಗಳ


ಕಟ್ಟೆಮಳಲವಾಡಿ,
1-6-1955

(ಮತ್ತೆ ಅದೇ ತಾಕೀತು. ಈ ಸಲ ಪಕ್ಕದಲ್ಲಿ ಸಾಹುಕಾರರೂ ಕೂತು ನಗುತ್ತಿದ್ದಾರೆ. — ಸೋಮಯ್ಯ)

ಮಂಗಳವ್ವಂಗೆ ಜವರಯ್ಯ ಮಾಡೋ ಸರಣು.

ಮರಿ ಏಳೂ ಕಣ್ ಬುಟ್ಟವೆ. ನಾನೀಗ ಹುಣಸೂರ್ ಸಂತ್ಗೇ ಓಯ್ತೀನಿ. ಯಾರೂ ಏನೂ ಅನ್ನಲ್ಲ. ಅಂದ್ರೂ "ಬೊಟ್ಟು ಜವರಯ್ಯ" ಅಂತಾರೆ, ಅದೇನ್ ಬೈಗುಳ ಅಲ್ಲ ಬುಡು. ಸಾವ್ಕಾರ್ರು ಒಂದಿನ ಬುಟ್ಟು ಒಂದಿನ ಬತ್ತಾರೆ. ಬಂದೇಟ್ಗೆ ಕನ್ನಡ್ಕ ಆಕ್ಕಂಡು ಚುಕ್ಕೆ ಎಣುಸ್ತಾರೆ. ನಾನ್ ಯೋಳಿದ್ ಲೆಕ್ಕಕ್ಕೂ ಅವ್ರ್ ಯೋಳಿದ್ ಲೆಕ್ಕಕ್ಕೂ ಒಂದ್ ದಿನಾನೂ ತಾಳೆ ಆಗಿಲ್ಲ.

ಅದ್ರಲ್ಲೊಂದು ಹೆಣ್ಣ್ ಮರಿ ಅದೆ, ಅವ್ವನ್ ಹಂಗೇ ಮೂತಿ. ಮೊನ್ನೆ ಬೆಳ್ಗೆ ನೋಡ್ತೀನಿ, ಅದ್ರ ಎಡ್ಗೆನ್ನೆ ಮ್ಯಾಲೆ ಒಂದ್ ಚುಕ್ಕೆ ಬತ್ತಾ ಅದೆ. ನೀನ್ ಇಟ್ಟಿದ್ಯಲ್ಲ, ಹೆಚ್ಕಮ್ಮಿ ಅದೇ ಜಾಗ್ದಲ್ಲಿ. ಸಾವ್ಕಾರ್ರು ಬಂದೋರು ಅದ್ನ ಕಂಡ್ರು. ಅಂಗಿ ಜೇಬಿಂದ ಆ ಮುದ್ಕನ್ ಕರ್ಚೀಪ್ ತಗುದ್ರು. ತಾವೇ ಉಜ್ತಾರೆ ಅಂದ್ಕಂಡೆ. ಇಲ್ಲ, ನನ್ ಕೈಗ್ ಕೊಟ್ರು. "ನೀನೇ ಒರ್ಸಿ ನೋಡು ಜವರಯ್ಯ" ಅಂದ್ರು. ಕರ್ಚೀಪ್ನ ನೀರಲ್ಲಿ ಅದ್ದಿ ಮರೀ ಕೆನ್ನೆ ಚೆನ್ನಾಗ್ ಉಜ್ದೆ. ಮರಿ ನನ್ ಬೆಳ್ಳ್ ಕಚ್ತು. ಚುಕ್ಕೆ ಓಗ್ನಿಲ್ಲ ಕಣವ್ವ. ಕುಳ್ಳಮ್ಮ ಉಜ್ದ್ಲು, ಓಗ್ನಿಲ್ಲ. ಸಾವ್ಕಾರ್ರು ಉಜ್ದ್ರು, ಓಗ್ನಿಲ್ಲ.

ಆ ಮರಿ ನಿಂಗೇ ಅಂತ ಇಬ್ರೂ ಮಾತಾಡ್ಕಂಡಿವಿ. ಆಲ್ ಬುಟ್ ಮ್ಯಾಲೆ ನಾನೇ ತತ್ತೀನಿ, ಮೊಳೆ ಪಟ್ಟೀನೂ ಒಲ್ಸಕ್ ಕೊಟ್ಟಿವ್ನಿ. ಜನವರೀಲಿ ಮೈಸೂರ್ಗೆ ಓಗಕ್ಕೆ ನೀನೂ ಬರ್ಬೇಕು. ಸಾವ್ಕಾರ್ರು "ಕೈ ತೊಳ್ಕಂಡ್ ಬರ್ಲಿ" ಅಂತಾ ಅವ್ರೆ, ನೀನ್ ತಲೆ ಕೆಡುಸ್ಕಬ್ಯಾಡ.

ಕರ್ಚೀಪ್ ಒಣಗ್ಸಿ ಈ ಲಕೋಟೆ ಒಳ್ಗೇ ಮಡ್ಸಿ ಇಟ್ಟಿವ್ನಿ, ಬಿಚ್ಚಿ ನೋಡ್ಕ. ಮೂಲೇಲಿ ವಸಿ ಮಸುಕು ಅದೆಯಲ್ಲ, ಅದು ನಿಂದು. ಮಿಕ್ಕಿದ್ದೆಲ್ಲ ಬೆಳ್ಳಗೇ ಅದೆ.

ಜವರಯ್ಯ
(ಹೆಬ್ಬೆಟ್ಟಿನ ಗುರುತು)